ಕೂಗುಗಲ್ಲಿನ ಮುಂದಿನ ಬಿಳಿ ಹೆಜ್ಜೆಗಳು

"ಗುರುಗಳೇ, ಹೊರನಾಡಿನ ಸರಕೊಂದನ್ನು ಬಂದರಿನಲ್ಲೇ ತಡೆಯಬೇಕಾಗಿದೆ. ಅದು ನಿಂತರೆ ನಮ್ಮ ಜನಕ್ಕೆ ಕೇಡಿಲ್ಲ ಎಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಬೊಮ್ಮರಸ. ಚಿಕ್ಕಂದಿನಲ್ಲಿ ಇದೇ ಗುರುಗಳ ಬಳಿ ಓದಿದವನು, ಈಗ ಒಂದು ಬಂದರಿನ ಸುಂಕದ ಅಧಿಕಾರಿ. ಗುರುಗಳು ಜಗಲಿಯಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಸರಕು?"

"ಸೂಜಿ," ಎಂದು ಬೊಮ್ಮರಸ ವಿವರಿಸಿದ. ಅವನ ಬಂದರಿನ ಕಮ್ಮಾರರಿಗೆ ಒಂದು ಬಗೆಯ ಸೂಜಿ ಮಾಡುವ ಹಕ್ಕನ್ನು ಅರಸರು ಕೊಟ್ಟಿದ್ದರು. ಆ ಸೂಜಿಯನ್ನು ಅವರಲ್ಲದೆ ಬೇರೆ ಯಾರೂ ಮಾಡುವಂತಿರಲಿಲ್ಲ. ಹೊರಗಿನವರು ಅದನ್ನೇ ನಕಲು ಮಾಡಿ ಹಡಗು ತುಂಬಿಸಿ ತಂದಿದ್ದರು. ನಕಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತಡೆಯಾಜ್ಞೆ ಸಿದ್ಧವಾಗಿತ್ತು, ಮುದ್ರೆ ಒತ್ತುವುದೊಂದು ಬಾಕಿ.

"ಜನರನ್ನು ಕೇಳಿದೆಯಾ?"

"ಕೇಳದೆ ಬಿಡುತ್ತೇನೆಯೇ? ಡಂಗುರ ಹೊಡೆಸಿ, ಚಾವಡಿಯ ಮುಂದೆ ನಾನೇ ನಿಂತು ಕೇಳಿದೆ. ಯಾರೂ ಬೇಡವೆನ್ನಲಿಲ್ಲ. ಹಿಂದುಗಡೆ ಒಂದಷ್ಟು ಹೆಂಗಸರು ಬಂದು ನಿಂತಿದ್ದರು. ಅವರೂ ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದರು."

"ಮತ್ತೆ ಇಲ್ಲಿಯವರೆಗೆ ಯಾಕೆ ಬಂದೆ?"

"ಮುದ್ರೆ ಒತ್ತಲು ಕೈ ಏಳಲಿಲ್ಲ. ಯಾಕೆಂದು ನನಗೇ ಗೊತ್ತಾಗುತ್ತಿಲ್ಲ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು. ಕೈ ಒರೆಸಿಕೊಂಡು ಈ ಕತೆಯನ್ನು ಹೇಳಿದರು.

ಒಂದು ಬಂದರು. ಅದಕ್ಕೊಂದು ಕೋಟೆ, ಕೋಟೆಗೊಂದು ಬಾಗಿಲು. ಹಡಗಿನಲ್ಲಿ ಬಂದ ಸರಕು ಏನೇ ಇರಲಿ, ಆ ಬಾಗಿಲನ್ನು ದಾಟಿದ ಮೇಲೆಯೇ ಪೇಟೆಗೆ ಹೋಗಬೇಕು, ಪೇಟೆಯಿಂದ ಜನರ ಕೈಗೆ ಸೇರಬೇಕು. ಬಾಗಿಲಿನ ಅಧಿಕಾರ ಒಬ್ಬ ಸುಂಕದ ಹೆಗ್ಗಡೆಯದು. ಅವನನ್ನು ಕೆಟ್ಟವನನ್ನಾಗಿ ಮಾಡಿ ಹೇಳಿದರೆ ಹೇಳುವ ನನಗೂ ಸುಲಭ, ಕೇಳುವ ನಿನಗೂ ಸುಲಭ. ಆದರೆ ಅವನು ಕೆಟ್ಟವನಲ್ಲ. ಕೈ ಶುದ್ಧ, ಮಾತು ಶುದ್ಧ. ಕಟ್ಟಳೆ ಎಂದರೆ ಅವನಿಗೆ ಪ್ರಾಣ.

ಕೋಟೆಯ ಎದುರಿಗೆ ಅಳಿವೆ. ಅಳಿವೆಯ ಆಚೆ ದಡದಲ್ಲಿ ಸುಣ್ಣದ ಕೇರಿ. ಅಲ್ಲಿಯ ಜನ ಕಡಲ ಚಿಪ್ಪುಗಳನ್ನು ಆಯ್ದು, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಕೋಟೆಯ ಗೋಡೆಗಳೆಲ್ಲ ಬೆಳ್ಳಗಿದ್ದದ್ದು ಆ ಸುಣ್ಣದಿಂದ. ಕೇರಿಯವರೂ ಬೆಳ್ಳಗಿದ್ದರು. ತಲೆಗೂದಲು, ಹುಬ್ಬು, ರೆಪ್ಪೆ, ಕಾಲಿನ ಉಗುರು, ಎಲ್ಲದರ ಮೇಲೂ ಸುಣ್ಣದ ಹುಡಿ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಆ ಹುಡಿ ಗಂಟಲಿಗೂ ಇಳಿಯುತ್ತಿತ್ತು. ಇಳಿದರೆ ಗಂಟಲು ಬಿಗಿಯುವ ಬೇನೆ. ಮೊದಲು ದನಿ ಹೋಗುತ್ತದೆ. ಆಮೇಲೆ ಗಂಜಿ ಇಳಿಯುವುದಿಲ್ಲ. ಕೊನೆಗೆ ಉಸಿರು. ಇದಕ್ಕೆ ಒಂದೇ ಮದ್ದು, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಒಂದು ಗುಳಿಗೆ. ಇಟ್ಟುಕೊಂಡವರ ಗಂಟಲು ಸಡಿಲವಾಗುತ್ತಿತ್ತು, ಮತ್ತೆ ದನಿ ಬರುತ್ತಿತ್ತು. ಇಲ್ಲದವರು ಸಾಯುತ್ತಿದ್ದರು.

ಆ ಗುಳಿಗೆಯನ್ನು ಕಂಡುಹಿಡಿದವನು ಕೋಟೆಯೊಳಗಿನ ಒಬ್ಬ ಪಂಡಿತನ ಅಜ್ಜ. ಬೆಟ್ಟ ಬೆಟ್ಟ ಅಲೆದು, ಬೇರುಗಳನ್ನು ಕಚ್ಚಿ ನೋಡಿ, ತನ್ನ ಹಲ್ಲುಗಳನ್ನೆಲ್ಲ ಕಳೆದುಕೊಂಡು ಕಂಡುಹಿಡಿದದ್ದು. ಅರಸರು ಮೆಚ್ಚಿ ಶಾಸನ ಬರೆಸಿಕೊಟ್ಟಿದ್ದರು. ಈ ಗುಳಿಗೆ ಈ ಮನೆಯವರದು, ಬೇರೆ ಯಾರೂ ಮಾಡಬಾರದು, ಮಾಡಿ ತಂದರೆ ಬಾಗಿಲಲ್ಲಿ ಬಿಡಬಾರದು ಎಂದು. ಆದರೆ ಪಂಡಿತನ ಮನೆಯಲ್ಲಿ ತಯಾರಾಗುತ್ತಿದ್ದದ್ದು ಸ್ವಲ್ಪ. ಕೇರಿಯವರು ಅವನ ಹಿತ್ತಿಲ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು. ಸಿಕ್ಕವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ.

ಹೀಗಿರುವಾಗ ಕಡಲಾಚೆಯ ಒಬ್ಬ ವರ್ತಕ ಅದೇ ಗುಳಿಗೆಯನ್ನು ಭರಣಿಗಳಲ್ಲಿ ತುಂಬಿ ತಂದ. ಅದೇ ಬಣ್ಣ, ಅದೇ ವಾಸನೆ, ಅದೇ ಗುಣ. ಬೇಕಾದಷ್ಟು. ಮೊದಮೊದಲು ಯಾರೂ ಗಮನಿಸಲಿಲ್ಲ. ಹಡಗು ವರ್ಷ ವರ್ಷ ಬಂತು. ಕೇರಿಯಲ್ಲಿ ಪ್ರತಿಯೊಬ್ಬರ ಬಾಯಲ್ಲೂ ಒಂದು ಗುಳಿಗೆ. ಆ ವರ್ಷಗಳಲ್ಲಿ ಕೇರಿಯ ಜನ ಹಾಡತೊಡಗಿದರು. ಗೂಡಿನ ಬೆಂಕಿಗೆ ಗಾಳಿಯೂದುವ ತಿದಿ ಒತ್ತುವಾಗ ಒಬ್ಬರು ಹೇಳುವುದು, ಉಳಿದವರು ಎತ್ತಿಕೊಳ್ಳುವುದು. ಬೆಳಗಾಗುತ್ತಲೇ ಅಳಿವೆಯ ಮೇಲಿಂದ ಹಾಡು ಕೋಟೆಗೆ ಕೇಳಿಸುತ್ತಿತ್ತು. ಇವರಿಗೆ ಇಷ್ಟು ಗಂಟಲು ಎಲ್ಲಿಂದ ಬಂತಪ್ಪಾ ಎಂದು ಕೋಟೆಯವರು ಗೊಣಗುತ್ತಲೇ ಏಳುತ್ತಿದ್ದರು. ಹೆಗ್ಗಡೆಯೂ ಆ ಹಾಡಿಗೇ ಏಳುತ್ತಿದ್ದ.

ಆಮೇಲೆ ಪಂಡಿತನಿಗೆ ವಿಷಯ ತಿಳಿಯಿತು. ಅವನ ದಾಯಾದಿಯೊಬ್ಬ ಪಾಕದ ಗುಟ್ಟನ್ನು ವರ್ತಕನಿಗೆ ಮಾರಿಕೊಂಡಿದ್ದ. ಪಂಡಿತ ಶಾಸನವನ್ನು ಎದೆಗೆ ಅವುಚಿಕೊಂಡು ಹೆಗ್ಗಡೆಯ ಬಳಿಗೆ ಓಡಿ ಬಂದ.

"ಒಡೆಯರೇ, ನನ್ನ ಅಜ್ಜ ಹಲ್ಲು ಕಳಕೊಂಡು ಸಂಪಾದಿಸಿದ್ದು ಇದು. ಕಂಡವರು ಕದ್ದು ಮಾಡಿ ತಂದು ಸುರಿದರೆ ಶಾಸನ ಎಂತಕ್ಕೆ? ನೀವು ಎಂತಕ್ಕೆ?"

ಹೆಗ್ಗಡೆ ವಿಚಾರಿಸಿದ. ವರ್ತಕ ಹೆಚ್ಚೇನೂ ವಾದಿಸಲಿಲ್ಲ. ಕದ್ದದ್ದು ಕದ್ದದ್ದೇ. ಇದನ್ನು ನೀನು ಮರೆಯಬೇಡ, ಕತೆ ಮುಂದಕ್ಕೆ ಹೋದಾಗಲೂ ಮರೆಯಬೇಡ.

ಇಲ್ಲಿ ಬೊಮ್ಮರಸ ತಡೆದು ಕೇಳಿದ: "ಕಳ್ಳಸರಕೆಂದು ಗೊತ್ತಾದ ಮೇಲೆ ವಿಚಾರಣೆ ಮುಗಿಯಿತಲ್ಲ, ಗುರುಗಳೇ?"

"ಮುಗಿಯಿತು ಎಂದು ನೀನು ಹೇಳುತ್ತೀಯ. ಆ ಊರಿನವರು ಹೇಳುತ್ತಿರಲಿಲ್ಲ. ಆ ಮಟ್ಟಿಗೆ ಅವರು ನಮಗಿಂತ ಬುದ್ಧಿವಂತರು," ಎಂದು ಗುರುಗಳು ಮುಂದುವರಿಸಿದರು.

ಆ ಊರಿನಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಯಾವ ಸರಕನ್ನೇ ಆಗಲಿ ತಡೆಯುವ ಮುಂಚೆ ಜನರನ್ನು ಕೇಳಬೇಕು. ಸರಕು ಕದ್ದದ್ದೇ ಇರಬಹುದು, ಆದರೆ ಅದು ನಿಂತರೆ ಯಾರಿಗಾದರೂ ಕೇಡುಂಟೇ ಎಂದು ಕೇಳದೆ ಬಾಗಿಲು ಹಾಕುವಂತಿಲ್ಲ. ಕೋಟೆಬಾಗಿಲಿನ ಹೊರಗೆ ಕರಿಕಲ್ಲಿನ ಒಂದು ಕಟ್ಟೆ. ಅದಕ್ಕೆ ಕೂಗುಗಲ್ಲು ಎಂದು ಹೆಸರು. ಅದರ ಮುಂದಿನ ಅಂಗಳಕ್ಕೂ ಕರಿಕಲ್ಲಿನದೇ ಹಾಸು. ನಡುಮಧ್ಯಾಹ್ನ ಹೆಗ್ಗಡೆ ಆ ಕಟ್ಟೆ ಹತ್ತಿ ಮೂರು ಸಲ ಕೂಗಬೇಕು. ನನಗೆ ಬೇಕು ಎಂದು ಒಂದೇ ಒಂದು ದನಿ ಬಂದರೂ ಸಾಕು, ಬಾಗಿಲು ಹಾಕುವಂತಿಲ್ಲ.

ಆದರೆ ಕೂಗುವಾಗ ಹೆಗ್ಗಡೆ ಜನರಿಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ನಿಲ್ಲಬೇಕು. ಡಂಗುರದವನೂ ಹಾಗೆಯೇ, ಕಾವಲಿನವರೂ ಹಾಗೆಯೇ, ವಾದಿ ಪ್ರತಿವಾದಿಗಳೂ ಹಾಗೆಯೇ. ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ, ಒಡವೆ ನೋಡಿದರೆ ಭಯ ಬರುತ್ತದೆ, ಹರಕು ಬಟ್ಟೆ ನೋಡಿದರೆ ತಾತ್ಸಾರ ಬರುತ್ತದೆ. ಆದ್ದರಿಂದ ನೋಡುವುದೇ ಬೇಡ, ದನಿಯೊಂದೇ ಸಾಕು ಎಂದು ಹಿಂದಿನವರು ಕಟ್ಟಿದ್ದು. ಕಟ್ಟಿದವರು ಒಳ್ಳೆಯವರೇ. ಇನ್ನೊಂದು ಮಾತೂ ಇತ್ತು. ಬೇಕಾದವನೇ ಕೂಗಬೇಕು, ಬೇರೆಯವರ ಪರವಾಗಿ ಕೂಗುವಂತಿಲ್ಲ. ವರ್ತಕರು ಕೂಲಿಗೆ ಜನ ತಂದು ಕೂಗಿಸಿದ ಮೇಲೆ ಸೇರಿಸಿದ ಮಾತು ಅದು. ಅದೂ ಒಳ್ಳೆಯದಕ್ಕೇ. ಬೇರೆ ಬಂದರುಗಳಲ್ಲಿ ಅಧಿಕಾರಿಗಳು ಮುಖ ನೋಡಿ ಮಣೆ ಹಾಕುತ್ತಾರೆ, ನಮ್ಮಲ್ಲಿ ಹಾಗಿಲ್ಲ ಎಂದು ಊರಿಗೆ ಊರೇ ಬೀಗುತ್ತಿತ್ತು.

ಕೂಗುವ ಮುಂಚೆ ಹೆಗ್ಗಡೆ ಪಂಡಿತನನ್ನು ಕೇಳಿದ. "ಹಡಗಿನ ಗುಳಿಗೆ ನಿಂತರೆ ಕೇರಿಯವರಿಗೆ ನೀನು ಒದಗಿಸುತ್ತೀಯಾ?"

"ಒದಗಿಸದೆ ಏನು ಒಡೆಯರೇ? ನಮ್ಮದೇ ಮದ್ದಲ್ಲವೇ?" ಎಂದ ಪಂಡಿತ.

ಅವನು ಸುಳ್ಳು ಹೇಳಲಿಲ್ಲ. ಒದಗಿಸಬಲ್ಲೆ ಎಂದೇ ನಂಬಿದ್ದ. ಬೇರು ಎಲ್ಲಿದೆ, ಎಷ್ಟಿದೆ, ಅಗೆದರೆ ಮತ್ತೆ ಚಿಗುರಲು ಎಷ್ಟು ಕಾಲ ಬೇಕು ಎಂದು ಹೆಗ್ಗಡೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈ ವಿಚಾರಣೆ ನಡೆಯುವಷ್ಟು ಕಾಲವೂ ಹಡಗು ಅಳಿವೆಯ ಬಾಯಲ್ಲಿ ಲಂಗರು ಹಾಕಿ ನಿಂತಿತ್ತು. ತೀರ್ಮಾನವಾಗುವವರೆಗೆ ಸರಕು ಇಳಿಸಬಾರದು, ಅದು ನ್ಯಾಯ. ಬೆಳಗಿನ ಹಾಡು ದಿನದಿನಕ್ಕೆ ತೆಳ್ಳಗಾಗುತ್ತಾ ಬಂತು. ಒಂದು ಬೆಳಗ್ಗೆ ಹೆಗ್ಗಡೆಗೆ ತಡವಾಗಿ ಎಚ್ಚರವಾಯಿತು. ಯಾಕೆ ಎಂದು ಅವನಿಗೆ ಹೊಳೆಯಲಿಲ್ಲ. ಅವತ್ತೇ ಕೂಗಿನ ದಿನ.

ನಡುಮಧ್ಯಾಹ್ನ. ಹೆಗ್ಗಡೆ ಕೂಗುಗಲ್ಲು ಹತ್ತಿ ಬಾಗಿಲಿಗೆ ಮುಖ ಮಾಡಿ ನಿಂತ. ಹೆಗಲ ಮೇಲೆ ಅಧಿಕಾರದ ಕೆಂಪು ಶಾಲು, ಅದರ ಸೆರಗು ಹಿಂದೆ ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಬೆನ್ನ ಹಿಂದೆ ಜನ ಸೇರುವ ಗುಜುಗುಜು ಕೇಳಿಸಿತು. ಇದ್ದಕ್ಕಿದ್ದಂತೆ ಅದು ನಿಂತಿತು. ಡಂಗುರ ಬಡಿಯಿತು.

"ಹಡಗಿನ ಗುಳಿಗೆ ನಿಂತರೆ ಯಾರಿಗೆ ಕೇಡು? ಇದ್ದವರು ಕೂಗಿ ಹೇಳಿ!"

ಯಾರೂ ಕೂಗಲಿಲ್ಲ. ಆದರೆ ಬೆನ್ನ ಹಿಂದೆ ಏನೋ ಇತ್ತು. ತೂತುಬಿದ್ದ ತಿದಿಯನ್ನು ಒತ್ತಿದ ಹಾಗೆ ಒಂದು ಸದ್ದು. ಒಂದಲ್ಲ, ಹಲವು. ಗಾಳಿ ಎದ್ದಿರಬೇಕು ಎಂದುಕೊಂಡ ಹೆಗ್ಗಡೆ. ಎದುರಿಗಿದ್ದ ಬಾಗಿಲಿನ ತೋರಣದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಎರಡನೆಯ ಸಲ ಕೂಗಿದ. ಈಗ ಯಾರೋ ಅಂಗೈ ತಟ್ಟಿದರು. ಒಬ್ಬರು, ಆಮೇಲೆ ಇನ್ನೊಬ್ಬರು, ಆಮೇಲೆ ತುಂಬ ಜನ. ಚಪ್ಪಾಳೆಯಂತೆ ಗಟ್ಟಿಯಾಗಿ ಅಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ತಟ್ಟಿದ ಹಾಗೆ ಮೆತ್ತಗೆ, ಮಂಕಾಗಿ. ಆದರೆ ಕೈತಟ್ಟು ಮಾತಲ್ಲ. ಕಟ್ಟಳೆಯಲ್ಲಿ ಕೈತಟ್ಟಿಗೆ ಜಾಗವಿಲ್ಲ.

ಆಗ ಅವನ ಶಾಲಿನ ಸೆರಗನ್ನು ಯಾರೋ ಹಿಡಿದು ಎಳೆದರು.

ಜೋರಾಗಿ ಅಲ್ಲ. ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದರು. ಹೆಗ್ಗಡೆಗೆ ತಿರುಗಿ ನೋಡಬೇಕು ಎನ್ನಿಸಿತು. ಕುತ್ತಿಗೆ ತಾನಾಗಿ ಹೊರಳಲು ಹೊರಟಿತು. ಅವನು ಹಲ್ಲು ಕಚ್ಚಿ ಹಿಡಿದ. ತನ್ನ ತಂದೆಯೂ ಇದೇ ಕಲ್ಲಿನ ಮೇಲೆ ನಿಂತವನು, ಒಮ್ಮೆಯೂ ತಿರುಗಿದವನಲ್ಲ. ತಾನೂ ತಿರುಗಲಿಲ್ಲ ಎಂಬ ಹೆಮ್ಮೆ ಅವನ ಎದೆಯಲ್ಲಿ ಎದ್ದಿತು. ಹೌದು, ಆ ಹೊತ್ತಿನಲ್ಲಿ ಅವನಿಗೆ ಆದದ್ದು ಹೆಮ್ಮೆಯೇ.

ಮೂರನೆಯ ಸಲ ಕೂಗಿದ. ಸೆರಗಿನ ಎಳೆತ ನಿಂತಿತು. ಡಂಗುರ ಮುಗಿಯಿತು. ಹೆಗ್ಗಡೆ ತಿರುಗಿದ.

ಕೋಟೆಯ ಜನ ದೂರದಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಒಬ್ಬರೂ ಅವನ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಬಾಗಿಲೊಳಗೆ ನುಸುಳಿದರು. ಕಟ್ಟೆಯ ಮುಂದಿನ ಜಾಗ ಖಾಲಿ. ಅಳಿವೆಯ ಕಡೆಯ ಇಳಿಜಾರಿನಲ್ಲಿ ಏನೋ ಬೆಳ್ಳಗೆ ಇಳಿದುಹೋದಂತೆ ಕಂಡಿತು, ಬಿಸಿಲಿನ ಝಳವಿದ್ದರೂ ಇರಬಹುದು. ಕರಿಕಲ್ಲಿನ ಹಾಸಿನ ತುಂಬ ಬಿಳಿ ಹೆಜ್ಜೆಗಳು. ಕೆಂಪು ಶಾಲಿನ ಸೆರಗಿನಲ್ಲಿ ಪುಟ್ಟ ಪುಟ್ಟ ಬೆರಳುಗಳ ಬಿಳಿ ಗುರುತು.

"ಇಲ್ಲಿ ಯಾರಿದ್ದರು?" ಎಂದು ಅವನು ಡಂಗುರದವನನ್ನು ಕೇಳಿದ.

"ನಾನೂ ಬಾಗಿಲಿಗೇ ಮುಖ ಮಾಡಿದ್ದೆ ಒಡೆಯರೇ."

ಹೆಗ್ಗಡೆ ಸೆರಗನ್ನು ಕೊಡವಿದ. ಯಾರೂ ಕೂಗಲಿಲ್ಲ, ಸರಕು ನಿಂತಿತು ಎಂದು ಸಾರಿದ. ಹಡಗು ಹಿಂದಕ್ಕೆ ಹೋಯಿತು.

ಪಂಡಿತ ಮಾತಿಗೆ ತಪ್ಪಲಿಲ್ಲ, ಅಥವಾ ತಪ್ಪಬಾರದೆಂದು ತುಂಬ ಒದ್ದಾಡಿದ. ಹಗಲೆಲ್ಲ ಅರೆದ. ಬೆಟ್ಟದ ಬೇರನ್ನೆಲ್ಲ ಅಗೆಸಿ ತರಿಸಿದ. ಮಳೆ ಶುರುವಾಗುವ ಹೊತ್ತಿಗೆ ಬೇರು ಮುಗಿದುಹೋಯಿತು. "ಮತ್ತೆ ಚಿಗುರಬೇಕು ಒಡೆಯರೇ. ಚಿಗುರಿದ ಕೂಡಲೇ ಮಾಡುತ್ತೇನೆ," ಎಂದ. ಹೆಗ್ಗಡೆ ಹೂಂ ಎಂದ. ಹಿತ್ತಿಲ ಬಾಗಿಲಲ್ಲಿ ಕಾಯಲು ಈಗ ಯಾರೂ ಬರುತ್ತಿಲ್ಲ ಎಂದು ಪಂಡಿತ ತಾನಾಗಿಯೇ ಹೇಳಿದ. ಹಾಗಾದರೆ ಬೇನೆ ಕಡಿಮೆಯಾಗಿರಬೇಕು ಎಂದು ಇಬ್ಬರೂ ಮಾತಾಡಿಕೊಂಡರು. ಒಳ್ಳೆಯವರಿಬ್ಬರು ಸೇರಿದರೆ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ಸಮಾಧಾನ ಮಾಡಿಕೊಳ್ಳುತ್ತಾರೆ ನೋಡು.

ಮಳೆ ಕಳೆದು ಬಿಸಿಲು ಬಂತು. ಒಂದು ಮಧ್ಯಾಹ್ನ ಹೆಗ್ಗಡೆ ಊಟಕ್ಕೆಂದು ಹೊರಟಾಗ ಕೂಗುಗಲ್ಲಿನ ಮುಂದೆ ಬಿಳಿ ಹೆಜ್ಜೆಗಳನ್ನು ಕಂಡ. ಅಳಿವೆಯ ಕಡೆಯಿಂದ ಬಂದ ಹೆಜ್ಜೆಗಳು, ಕಟ್ಟೆಗೆ ಮುಖ ಮಾಡಿ ನಿಂತ ಹೆಜ್ಜೆಗಳು. ಸುತ್ತಮುತ್ತ ಯಾರೂ ಇರಲಿಲ್ಲ. ಕಸ ಗುಡಿಸುವವಳನ್ನು ಕರೆದು ತೊಳೆಸಿದ. ಮರುದಿನ ಅದೇ ಹೊತ್ತಿಗೆ ಮತ್ತೆ ಇದ್ದವು. ಅದರ ಮರುದಿನವೂ.

"ಯಾರು ಬರುತ್ತಾರೆ ಇಲ್ಲಿಗೆ?" ಎಂದು ಗುಡಿಸುವವಳನ್ನು ಕೇಳಿದ.

ಅವಳು ನೀರಿನ ಕೊಡವನ್ನು ಕೆಳಗಿಟ್ಟಳು. "ಬಂದದ್ದನ್ನು ನಾನು ಕಂಡಿಲ್ಲ ಒಡೆಯ. ಆದರೆ ಬಂದ ಹೆಜ್ಜೆ ಮಾತ್ರ ಉಂಟು, ಹೋದ ಹೆಜ್ಜೆ ಇಲ್ಲ. ನೀವೇ ನೋಡಿ."

ಹೆಗ್ಗಡೆ ನೋಡಿದ. ಅವಳು ಹೇಳಿದ್ದು ನಿಜ. ಎಲ್ಲ ಹೆಜ್ಜೆಗಳ ಬೆರಳೂ ಕಟ್ಟೆಯ ಕಡೆಗೇ ಇತ್ತು. ಬಂದವರು ತಿರುಗಿ ಹೋಗಿರಲಿಲ್ಲ. ಎಲ್ಲಕ್ಕಿಂತ ಮುಂದೆ, ಕಲ್ಲಿಗೆ ತಾಗುವಷ್ಟು ಹತ್ತಿರ, ಒಂದು ಜೊತೆ ತೀರ ಸಣ್ಣ ಹೆಜ್ಜೆ. ಅವನಿಗೆ ಅವತ್ತು ಊಟ ಸೇರಲಿಲ್ಲ.

ಅಲ್ಲಿಂದ ಮುಂದೆ ಬಾಗಿಲಿಗೆ ಮುಖ ಮಾಡಿದಾಗಲೆಲ್ಲ ಬೆನ್ನ ಹಿಂದೆ ತೂತು ತಿದಿಯ ಸದ್ದು. ತಿರುಗಿದರೆ ಯಾರೂ ಇಲ್ಲ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರತೊಡಗಿದ. ಶಾಲನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ. ಕೋಟೆಯವರು ಮಧ್ಯಾಹ್ನದ ಹೊತ್ತು ಆ ಬಾಗಿಲಿನಿಂದ ಓಡಾಡುವುದನ್ನೇ ಬಿಟ್ಟರು. ಯಾಕೆ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಹೆಗ್ಗಡೆಗೆ ಹೆದರಿಕೆಯಾಯಿತು, ಆದರೆ ಹೆದರಿಕೆಯನ್ನು ಹೇಳಿಕೊಳ್ಳಲು ಅವನಿಗೆ ಇನ್ನೂ ಹೆಚ್ಚು ಹೆದರಿಕೆ.

ಕೊನೆಗೆ ಕೋಟೆಯವರನ್ನು ಎಬ್ಬಿಸಿದ್ದು ಕರುಣೆಯಲ್ಲ, ಗೋಡೆ. ಮಳೆಗೆ ಪಾಚಿ ಹಿಡಿದ ಗೋಡೆಗಳಿಗೆ ಸುಣ್ಣ ಬಳಿಯುವ ಕಾಲ ಬಂತು, ಸುಣ್ಣ ಬರಲಿಲ್ಲ. ಆಚೆ ದಡದಲ್ಲಿ ಗೂಡಿನ ಹೊಗೆ ಕಾಣುತ್ತಿರಲಿಲ್ಲ. ಹೋಗಿ ವಿಚಾರಿಸಿ ಎಂದು ಹೆಗ್ಗಡೆಯನ್ನು ಒತ್ತಾಯ ಮಾಡಿದರು. ಅವನು ದೋಣಿ ಹತ್ತಿದ.

"ಕೇರಿಯವರು ದಿನಾ ಈಚೆ ದಡಕ್ಕೆ ಬರುತ್ತಾರಲ್ಲ, ಯಾವ ಹೊತ್ತಿಗೆ ದಾಟಿಸುತ್ತೀ?" ಎಂದು ಅಂಬಿಗನನ್ನು ಕೇಳಿದ.

ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ನೀವು ಕೂಗಿದ ದಿನ ತುಂಬ ಜನರನ್ನು ದಾಟಿಸಿದ್ದೆ ಒಡೆಯರೇ. ಆಮೇಲೆ ಕೆಲವರು ಪಂಡಿತರ ಹಿತ್ತಿಲಿಗೆ ಬರುತ್ತಿದ್ದರು. ಮಳೆ ಹಿಡಿದ ಮೇಲೆ ಅಲ್ಲಿಂದ ಯಾರೂ ದೋಣಿ ಹತ್ತಿಲ್ಲ."

ಕೇರಿಯಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು. ಗೂಡುಗಳು ತಣ್ಣಗಿದ್ದವು. ಸುಡದೆ ಉಳಿದ ಚಿಪ್ಪುಗಳ ರಾಶಿಯ ಪಕ್ಕದಲ್ಲಿ ಹೊಸ ಮಣ್ಣಿನ ದಿಬ್ಬಗಳು, ಕೆಲವು ಉದ್ದ, ಕೆಲವು ಗಿಡ್ಡ. ಉಳಿದ ಜನ ಹೊಸ್ತಿಲುಗಳ ಮೇಲೆ ಕುಳಿತಿದ್ದರು. ಬೆಳ್ಳಗೆ. ಅವನನ್ನು ನೋಡಿದರು, ಏಳಲಿಲ್ಲ. ಇಷ್ಟು ಜನರಿರುವ ಜಾಗದಲ್ಲಿ ಒಂದು ಮಾತಿಲ್ಲ, ಒಂದು ಅಳುವಿಲ್ಲ. ತೂತು ತಿದಿಯ ಸದ್ದೊಂದೇ ಎಲ್ಲ ಹೊಸ್ತಿಲುಗಳಿಂದ ಬರುತ್ತಿತ್ತು. ಅದು ಏನೆಂದು ಹೆಗ್ಗಡೆಗೆ ಆಗ ತಿಳಿಯಿತು. ಗಂಟಲು ಬಿಗಿದವರು ಉಸಿರೆಳೆಯುವ ಸದ್ದು.

ಅವನು ಒಬ್ಬ ಹೆಂಗಸಿನ ಮುಂದೆ ಕುಸಿದು ಕುಳಿತ. "ತಾಯೀ, ನಾನು ಕೇಳಿದೆನಲ್ಲ? ಮೂರು ಸಲ ಕೂಗಿ ಕೇಳಿದೆನಲ್ಲ? ಬಂದು ಹೇಳಬಾರದಿತ್ತೇ?"

ಹೆಂಗಸು ಬಾಯಿ ತೆರೆದಳು. ತುಟಿ ಆಡಿತು, ನಾಲಿಗೆ ಆಡಿತು, ಸದ್ದು ಬರಲಿಲ್ಲ. ಅವಳು ಎದ್ದು, ಅವನನ್ನು ರಟ್ಟೆ ಹಿಡಿದು ಎಬ್ಬಿಸಿ, ಅವನ ಹಿಂದಕ್ಕೆ ಹೋದಳು. ಮಂಡಿ ಬಗ್ಗಿಸಿ, ಒಂದು ಸಣ್ಣ ಮಗುವಿನ ಎತ್ತರಕ್ಕೆ ತನ್ನನ್ನು ತಗ್ಗಿಸಿಕೊಂಡಳು. ಆಮೇಲೆ ಅವನ ಪಂಚೆಯ ಅಂಚನ್ನು ಹಿಡಿದಳು. ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದಳು.

ಅದೇ ಎಳೆತ. ಹೆಗ್ಗಡೆ ತಿರುಗಿದ. ಹೆಂಗಸು ಕೈ ಚಾಚಿ ಒಂದು ಗಿಡ್ಡ ದಿಬ್ಬವನ್ನು ತೋರಿಸಿದಳು.

ಹೆಗ್ಗಡೆ ಅತ್ತ. ಜೀವಮಾನದಲ್ಲಿ ಹಾಗೆ ಅತ್ತವನಲ್ಲ. ಬಂದಿದ್ದರು, ಎಲ್ಲರೂ ಬಂದಿದ್ದರು, ದನಿ ಹೋದವರನ್ನು ದನಿ ಕೊಡಿ ಎಂದು ಕೇಳಿದವನು ತಾನು. ಸೆರಗು ಹಿಡಿದು ಕರೆದ ಮಗುವಿಗೆ ಬೆನ್ನು ತೋರಿಸಿ ನಿಂತು ಹೆಮ್ಮೆಪಟ್ಟವನು ತಾನು.

ಅವನು ಕೋಟೆಗೆ ಮರಳಲಿಲ್ಲ. ಕೇರಿಯಲ್ಲೇ ಉಳಿದ. ಗಂಜಿ ಇಳಿಯುವವರಿಗೆ ಗಂಜಿ ಹಾಕಿದ, ಇಳಿಯದವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ, ಹೋದವರಿಗೆ ಮಣ್ಣು ತೋಡಿದ. ಆ ಮಣ್ಣೂ ಸುಣ್ಣದ ಮಣ್ಣೇ. ಹುಡಿ ಅವನ ಹುಬ್ಬಿಗೆ ಹತ್ತಿತು, ಗಂಟಲಿಗೂ ಇಳಿಯಿತು.

ಗಾಳಿ ತಿರುಗಿದಾಗ ವರ್ತಕನ ಹಡಗು ಮತ್ತೆ ಬಂತು. ಬೇರೆ ಸರಕಿನ ಜೊತೆ ಗುಳಿಗೆಯ ಭರಣಿಗಳನ್ನೂ ತಂದು ಅಳಿವೆಯ ಬಾಯಲ್ಲಿ ಲಂಗರು ಹಾಕಿತು. ಮದ್ದು ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಕೂಗಿ ಹಾಕಿದ ಬಾಗಿಲನ್ನು ಕೂಗಿಯೇ ತೆಗೆಯಬೇಕು. ಹೆಗ್ಗಡೆ ಹೇಳಿದರೂ ಕಾವಲಿನವರು ತೆಗೆಯುವಂತಿಲ್ಲ. ನನಗೆ ಬೇಕು ಎಂಬ ಒಂದು ದನಿ ಬೇಕು.

ಹೆಗ್ಗಡೆ ಕೇರಿಯವರನ್ನೆಲ್ಲ ದೋಣಿಯಲ್ಲಿ ದಾಟಿಸಿದ. ನಡುಮಧ್ಯಾಹ್ನ ಕೂಗುಗಲ್ಲು ಹತ್ತಿದ. ಈ ಸಲ ಬಾಗಿಲಿಗೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ನಿಂತ. ಕೋಟೆಯವರು ಹೌಹಾರಿದರು.

"ಎಂತ ಇದು ಹೆಗ್ಗಡೆಯವರೇ? ತಿರುಗಿ ನಿಲ್ಲಿ, ಕಟ್ಟಳೆ ಕೆಡುತ್ತದೆ!" ಎಂದು ಒಬ್ಬ ಕೂಗಿದ. ನೋಡು, ಅದಕ್ಕೆ ಅವನಿಗೆ ದನಿ ಇತ್ತು.

ಹೆಗ್ಗಡೆ ತಿರುಗಲಿಲ್ಲ. ಕಟ್ಟೆಯ ಮುಂದೆ ಕೇರಿಯವರು ನಿಂತಿದ್ದರು. ಒತ್ತಾಗಿ ನಿಲ್ಲಲಿಲ್ಲ. ಅಲ್ಲಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದರು. ಬಿಟ್ಟ ಜಾಗಗಳಲ್ಲಿ ಯಾರೂ ಇರಲಿಲ್ಲ. ಆದರೆ ಆ ಜಾಗಗಳಲ್ಲೂ ಕರಿಕಲ್ಲಿನ ಮೇಲೆ ಬಿಳಿ ಹೆಜ್ಜೆಗಳಿದ್ದವು. ಎಲ್ಲಕ್ಕಿಂತ ಮುಂದೆ ಆ ಸಣ್ಣ ಜೊತೆ.

"ಹಡಗಿನ ಗುಳಿಗೆ ನಿಂತರೆ ಯಾರಿಗೆ ಕೇಡು?" ಎಂದು ಹೆಗ್ಗಡೆ ಕೂಗಿದ. ದನಿ ಒಡೆದಿತ್ತು. ಎಲ್ಲ ಬಿಳಿ ಬಾಯಿಗಳೂ ತೆರೆದವು. ಸದ್ದಿಲ್ಲ. ಎರಡನೆಯ ಸಲ ಕೂಗಿದ. ಅರ್ಧ ಮಾತು ಗಾಳಿಯಾಗಿ ಹೋಯಿತು. ಬಿಳಿ ಕೈಗಳು ಮೆತ್ತಗೆ ತಟ್ಟಿಕೊಂಡವು. ಪಂಡಿತ ಕೋಟೆಯವರ ನಡುವೆ ನಿಂತು ನೋಡುತ್ತಿದ್ದ. ಕಟ್ಟಳೆಯ ಪ್ರಕಾರ ಅವನು ಬಾಗಿಲಿಗೆ ಮುಖ ಮಾಡಬೇಕಿತ್ತು, ಅವನೂ ಮರೆತಿದ್ದ.

ಮೂರನೆಯ ಸಲ ಕೂಗುವಾಗ ಹೆಗ್ಗಡೆಗೆ ಒಂದು ಆಸೆಯಿತ್ತು. ಈ ಬೇನೆ ಈಗ ತನಗೂ ಹತ್ತಿದೆ. ಆದ್ದರಿಂದ ಕೇಳುವವನೂ ತಾನೇ, ಬೇಕಾದವನೂ ತಾನೇ. ಕೂಗಿ ಮುಗಿಸಿ, ನನಗೆ ಬೇಕು ಎಂದು ತಾನೇ ಹೇಳಿಬಿಟ್ಟರಾಯಿತು. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಮೂರನೆಯ ಕೂಗು ಕೂಗಿದ. ಆಮೇಲೆ ಉತ್ತರ ಹೇಳಲು ಬಾಯಿ ತೆರೆದ.

ದನಿ ಬರಲಿಲ್ಲ. ಕೇಳುವುದಕ್ಕೇ ಅದು ಮುಗಿದುಹೋಗಿತ್ತು.

ಡಂಗುರದವನು ಕೋಲು ಎತ್ತಿ ಹಿಡಿದಿದ್ದ. ಅದು ಇಳಿದರೆ ಕೂಗು ಮುಗಿದಂತೆ, ಹಡಗು ಹಿಂದಕ್ಕೆ ಹೋದಂತೆ. ಹೆಗ್ಗಡೆ ತೆರೆದ ಬಾಯಿಯಲ್ಲೇ ಕೋಟೆಯವರ ಕಡೆ ನೋಡಿದ. ಅವರೆಲ್ಲರಿಗೂ ದನಿ ಇತ್ತು. ಬೇರೆಯವರ ಪರವಾಗಿ ಕೂಗುವಂತಿಲ್ಲ ಎಂಬ ಕಟ್ಟಳೆಯೂ ಇತ್ತು.

ಇಷ್ಟು ಹೇಳಿ ಗುರುಗಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

ಬೊಮ್ಮರಸ ಕಾದ. ಗುರುಗಳು ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದರು. ಅವನಿಗೆ ತಡೆಯಲಾಗಲಿಲ್ಲ. "ಆಮೇಲೆ? ಯಾರಾದರೂ ಕೂಗಿದರೇ, ಗುರುಗಳೇ? ಆ ಮದ್ದು ಅವರಿಗೆ ಸಿಕ್ಕಿತೇ?"

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

"ನೀನು ಆ ಹೆಂಗಸರಿಗೆ ಮುಖ ಮಾಡಿಯೇ ನಿಂತಿದ್ದೆಯಲ್ಲ ಬೊಮ್ಮರಸ, ಅವರ ಕಾಲಿಗೆ ಯಾವ ಊರಿನ ಮಣ್ಣು ಹತ್ತಿತ್ತು?"

ಬೊಮ್ಮರಸ ಬಾಯಿ ತೆರೆದ. ದನಿ ಬರಲಿಲ್ಲ.